ಗ್ಯಾರೇಜಿಗೆ ಎಷ್ಟು ಟ್ಯೂಬ್‌ಲೈಟ್ ಬೇಕು? ವಾಣಿಜ್ಯ ವಿದ್ಯಾರ್ಥಿನಿಯ ಒಂದು ಲೆಕ್ಕ



ನಮ್ಮ ಕ್ಲಾಸಿನಲ್ಲಿ ಯಾರಿಗಾದರೂ ಜೋಕು ತಡವಾಗಿ ಅರ್ಥವಾದರೆ ಅವರಿಗೆ "ಟ್ಯೂಬ್‌ಲೈಟ್" ಎಂದು ಹೆಸರಿಡುತ್ತೇವೆ. ಆದರೆ ಆ ಟ್ಯೂಬ್‌ಲೈಟ್ ಯಾಕೆ ತಡವಾಗಿ ಹತ್ತುತ್ತದೆ ಎಂದು ಕೇಳಿದರೆ ವಾಣಿಜ್ಯ ವಿಭಾಗದ ನಾವು ಸುಮ್ಮನಾಗುತ್ತೇವೆ. ಅದು ಸೈನ್ಸ್‌ನವರ ವಿಷಯ ಎಂದು ನಾನೂ ತಿಳಿದಿದ್ದೆ. ಈ ವರ್ಷ ನಮ್ಮ ಮನೆಯ ಗ್ಯಾರೇಜಿಗೆ ಹೊಸದಾಗಿ ಬೆಳಕು ಹಾಕಿಸಬೇಕಾಯಿತು. ಆಗ ಅಕೌಂಟೆನ್ಸಿಯ ಪಾಠ ಮತ್ತು ಕರೆಂಟಿನ ಪಾಠ ಎರಡೂ ಒಂದೇ ಕಾಗದದ ಮೇಲೆ ಬಂದವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಶೆಡ್ಡು, ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ, ಹೊಲಿಗೆ ಕೋಣೆ ಏನೇ ಇದ್ದರೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ನಮ್ಮ ಗ್ಯಾರೇಜು

ನಮ್ಮೂರು ರೋಣ ತಾಲೂಕಿನ ಮೆಣಸಗಿ. ನಮ್ಮ ಕಡೆ ಗ್ಯಾರೇಜು ಎಂದರೆ ಕಾರು ನಿಲ್ಲಿಸುವ ಕೋಣೆಯಲ್ಲ, ಗಾಡಿ ರಿಪೇರಿ ಮಾಡುವ ಜಾಗ. ಮನೆಯ ಮುಂದೆ ಪತ್ರಾಸ್ ಹೊದಿಸಿದ, 20 ಅಡಿ ಉದ್ದ, 12 ಅಡಿ ಅಗಲದ ಶೆಡ್ಡಿನಲ್ಲಿ ಅಬ್ಬಾ ಬೈಕು ರಿಪೇರಿ ಮಾಡುತ್ತಾರೆ. ಚಾಚಾ ಗ್ರೈಂಡರ್ ಮತ್ತು ಕಂಪ್ರೆಸರ್ ಕೆಲಸ ನೋಡಿಕೊಳ್ಳುತ್ತಾರೆ. ದಿನದ ಜಮಾ ಖರ್ಚು ಬರೆಯುವುದು ನನ್ನ ಕೆಲಸ.

ಆ ಪುಸ್ತಕ ನೋಡಿದರೆ ಒಂದು ಮಾತು ಗೊತ್ತಾಗುತ್ತದೆ. ನಮ್ಮ ಗಳಿಕೆಯ ಅರ್ಧದಷ್ಟು ಬರುವುದು ಹೊತ್ತು ಮುಳುಗಿದ ಮೇಲೆ. ಹಗಲೆಲ್ಲ ಹೊಲದಲ್ಲಿರುವ ರೈತರು ಸಂಜೆ ಗಾಡಿ ತಂದು, "ಮಿಸ್ತ್ರಿ, ಮುಂಜಾನೆ ಹೊಲಕ್ಕ ಹೋಗೂದೈತಿ, ರಾತ್ರಿನ ಮಾಡಿ ಕೊಡ್ರಿ" ಎನ್ನುತ್ತಾರೆ. ಅಬ್ಬಾಗೆ ಈಗ ಐವತ್ತೆರಡು ವರ್ಷ. ಸ್ಪಾರ್ಕ್ ಪ್ಲಗ್ಗಿನ ಗ್ಯಾಪ್ ನೋಡುವುದು, ವೈರಿಂಗಿನಲ್ಲಿ ಕಂದು ತಂತಿ ಯಾವುದು, ಕೆಂಪು ತಂತಿ ಯಾವುದು ಎಂದು ಹೇಳುವುದು ಎರಡು ಹಳೆಯ ಟ್ಯೂಬುಗಳ ಬೆಳಕಿನಲ್ಲಿ ಅವರಿಗೆ ಕಷ್ಟವಾಗತೊಡಗಿತು. ಸೂಕ್ಷ್ಮ ಕೆಲಸವನ್ನೆಲ್ಲ "ನಾಳೆ ಬೆಳಿಗ್ಗೆ" ಎಂದು ಮುಂದೂಡಿದರು. ನಾಳೆಯವರೆಗೆ ಕಾಯಲಾಗದವರು ಬೇರೆ ಕಡೆ ಹೋದರು. ಎರಡು ತಿಂಗಳ ಸಂಜೆಯ ಜಮಾ ಕಡಿಮೆಯಾದದ್ದು ನನ್ನ ಪುಸ್ತಕದಲ್ಲೇ ಕಾಣುತ್ತಿತ್ತು.

ಪರಿಚಯದವರೊಬ್ಬರು ಸುಲಭದ ದಾರಿ ಹೇಳಿದರು: "ಆರು ಟ್ಯೂಬ್ ಹಾಕಿಬಿಡ್ರಿ, ಎರಡು ಸಾವಿರದಾಗ ಮುಗೀತದ. ವೈರ್ ಮನಿ ಮೀಟರ್‌ನಿಂದ ಎಳೀರಿ, ಗೃಹಜ್ಯೋತಿ ಐತಲ್ಲ, ಬಿಲ್ಲ ಬರೂದಿಲ್ಲ." ಎರಡನೆಯ ಮಾತಿಗೆ ಅಬ್ಬಾ ಅಲ್ಲಿಯೇ ಉತ್ತರ ಕೊಟ್ಟರು. ಗೃಹಜ್ಯೋತಿ 2023ರಲ್ಲಿ ಬಂದದ್ದು ಮನೆ ಬಳಕೆಗೆ. ಮನೆಯ ಮೀಟರಿನಿಂದ ವ್ಯಾಪಾರ ನಡೆಸುವುದು 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನ ಪ್ರಕಾರ ಅನಧಿಕೃತ ಬಳಕೆ. ಸಿಕ್ಕರೆ ದಂಡ. ಸಿಗದಿದ್ದರೂ ಆ ಕರೆಂಟಿನಲ್ಲಿ ದುಡಿದ ದುಡ್ಡು ಹಲಾಲ್ ಅಲ್ಲ ಎಂದು ಅಬ್ಬಾ ಹೇಳಿದರು. ನಮ್ಮ ಗ್ಯಾರೇಜಿಗೆ ಹೆಸ್ಕಾಂನ ಬೇರೆ ಮೀಟರ್ ಇದೆ, ಅದರಿಂದಲೇ ಮಾಡುವುದೆಂದಾಯಿತು. ಉಳಿದದ್ದು ಮೊದಲ ಮಾತು: ನಿಜವಾಗಿ ಆರು ಟ್ಯೂಬ್ ಬೇಕೇ? ಅದನ್ನು ಲೆಕ್ಕ ಹಾಕಲು ಅಬ್ಬಾ ನನಗೆ ಹೇಳಿದರು.

ಟ್ಯೂಬ್‌ಲೈಟ್ ಹೇಗೆ ಹತ್ತುತ್ತದೆ?

ಮೊದಲು ವಸ್ತುವಿನ ಪರಿಚಯ. ಟ್ಯೂಬಿನ ಎರಡೂ ತುದಿಗೆ ಒಂದೊಂದು ಸಣ್ಣ ಫಿಲಮೆಂಟ್ ಇರುತ್ತದೆ. ಒಳಗೆ ಆರ್ಗಾನ್‌ನಂತಹ ಅನಿಲ ಮತ್ತು ಕೆಲವೇ ಮಿಲಿಗ್ರಾಂ ಪಾದರಸ. ಗಾಜಿನ ಒಳಮೈಗೆ ಬಿಳಿ ಪುಡಿಯ ಲೇಪ. ಪಟ್ಟಿಯ ಮೇಲೆ ಚೋಕ್ ಮತ್ತು ಸ್ಟಾರ್ಟರ್.

ಸ್ವಿಚ್ ಹಾಕಿದ ಕೂಡಲೇ ಟ್ಯೂಬಿನ ಒಳಗೆ ಕರೆಂಟ್ ಹರಿಯುವುದಿಲ್ಲ, ಯಾಕೆಂದರೆ ತಣ್ಣಗಿರುವ ಅನಿಲ ದಾರಿ ಕೊಡುವುದಿಲ್ಲ. ಸ್ಟಾರ್ಟರಿನ ಒಳಗೆ ಸಣ್ಣಗೆ ಬೆಳಕಾಗಿ ಅದರ ಲೋಹದ ಎಲೆ ಕಾಯುತ್ತದೆ, ಬಾಗಿ ಮುಟ್ಟುತ್ತದೆ. ಆಗ ಕರೆಂಟ್ ಎರಡೂ ಫಿಲಮೆಂಟುಗಳ ಮೂಲಕ ಹರಿದು ಅವನ್ನು ಕಾಯಿಸುತ್ತದೆ. ಟ್ಯೂಬಿನ ತುದಿಗಳು ಮೊದಲು ಕೆಂಪಾಗಿ ಕಾಣುವುದು ಇದಕ್ಕೆ. ಅಷ್ಟರಲ್ಲಿ ಸ್ಟಾರ್ಟರಿನ ಎಲೆ ತಣ್ಣಗಾಗಿ ಬಿಟ್ಟುಕೊಳ್ಳುತ್ತದೆ. ಹರಿಯುತ್ತಿದ್ದ ಕರೆಂಟ್ ತಟ್ಟನೆ ಕಡಿದಾಗ ಚೋಕಿನ ಸುರುಳಿ ನೂರಾರು ವೋಲ್ಟಿನ ಒಂದು ಏಟು ಕೊಡುತ್ತದೆ. ಆ ಏಟಿಗೆ ಅನಿಲ ದಾರಿ ಬಿಡುತ್ತದೆ, ಟ್ಯೂಬ್ ಹತ್ತುತ್ತದೆ. ಮೊದಲ ಏಟಿಗೆ ಹತ್ತದಿದ್ದರೆ ಮತ್ತೆ ಅದೇ ಕ್ರಮ. ಮಿಣುಕು ಮಿಣುಕು ಎನ್ನುವುದು ಅದೇ. ಅಂದರೆ ಟ್ಯೂಬ್‌ಲೈಟ್ ಮಂದಬುದ್ಧಿಯದ್ದಲ್ಲ, ತಯಾರಿ ಮಾಡಿಕೊಂಡು ಉತ್ತರ ಹೇಳುವಂಥದ್ದು!

ಪಾದರಸದ ಆವಿಯಿಂದ ಹೊರಡುವುದು ಬಹುಪಾಲು ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಬಿಳಿ ಲೇಪ ಅದನ್ನು ಕಾಣುವ ಬೆಳಕಾಗಿ ಬದಲಿಸುತ್ತದೆ. ಒಮ್ಮೆ ಹತ್ತಿದ ಮೇಲೆ ಚೋಕಿಗೆ ಎರಡನೆಯ ಕೆಲಸ: ಕರೆಂಟು ಮಿತಿ ಮೀರದಂತೆ ತಡೆಯುವುದು. ಸ್ಟಾರ್ಟರಿಗೆ ಮಾತ್ರ ಆಮೇಲೆ ಕೆಲಸವಿಲ್ಲ.

ಇಷ್ಟು ಗೊತ್ತಿದ್ದರೆ ಕೆಡುಕನ್ನೂ ಗುರುತಿಸಬಹುದು. ತುದಿಗಳಷ್ಟೇ ಉರಿದು ನಡುವೆ ಬೆಳಕಿಲ್ಲದಿದ್ದರೆ ಹೆಚ್ಚಾಗಿ ಸ್ಟಾರ್ಟರ್ ಅಂಟಿಕೊಂಡಿದೆ ಎಂದರ್ಥ. ತುದಿಗಳು ಕಪ್ಪಾಗಿ ಮಿಣುಕುತ್ತಲೇ ಇದ್ದರೆ ಟ್ಯೂಬಿಗೆ ವಯಸ್ಸಾಗಿದೆ. ಸಂಜೆ ಪಂಪ್‌ಸೆಟ್ಟುಗಳು ನಡೆಯುವಾಗ ಮಾತ್ರ ಮಿಣುಕಿದರೆ ವೋಲ್ಟೇಜ್ ಕಡಿಮೆ. ಪದೇ ಪದೇ ಹಾಕಿ ಆರಿಸಿದರೆ ಫಿಲಮೆಂಟಿನ ಲೇಪ ಬೇಗ ಸವೆದು ಟ್ಯೂಬಿನ ಆಯುಷ್ಯ ಕಡಿಮೆಯಾಗುತ್ತದೆ.

ಯಾವುದನ್ನು ಕೊಳ್ಳಬೇಕು?

ಅಂಗಡಿಯಲ್ಲಿ ನಾಲ್ಕು ಅಡಿಯ ಟ್ಯೂಬುಗಳು ದಪ್ಪದ ಮೇಲೆ ಬೇರೆಯಾಗುತ್ತವೆ. 38 ಮಿಲಿಮೀಟರ್ ದಪ್ಪದ ಹಳೆಯ 40 ವ್ಯಾಟ್ ಟ್ಯೂಬು, 26 ಮಿಲಿಮೀಟರ್‌ನ 36 ವ್ಯಾಟ್ ಟ್ಯೂಬು, 16 ಮಿಲಿಮೀಟರ್‌ನ ಸಣ್ಣ 28 ವ್ಯಾಟ್ ಟ್ಯೂಬು. ಇವುಗಳ ಪಕ್ಕದಲ್ಲಿ ಈಗ 20 ವ್ಯಾಟ್‌ನ ಎಲ್‌ಇಡಿ ಪಟ್ಟಿ ದೀಪ. ನಾವು ಸಾಮಾನ್ಯವಾಗಿ ವ್ಯಾಟ್ ನೋಡಿ ಕೊಳ್ಳುತ್ತೇವೆ. ವ್ಯಾಟ್ ಎಂದರೆ ದೀಪ ತಿನ್ನುವ ಕರೆಂಟು, ಅಂದರೆ ಖರ್ಚು. ದೀಪ ಕೊಡುವ ಬೆಳಕಿಗೆ ಲ್ಯೂಮೆನ್ ಎನ್ನುತ್ತಾರೆ. ಅದು ಜಮಾ. ಖರ್ಚನ್ನು ಮಾತ್ರ ನೋಡಿ ವ್ಯಾಪಾರ ಮಾಡುವವರು ಯಾರು? ಡಬ್ಬಿಯ ಮೇಲೆ ಎರಡೂ ಬರೆದಿರುತ್ತವೆ.

ಒಂದು ಸಾವಿರ ಲ್ಯೂಮೆನ್ ಬೆಳಕಿಗೆ ಎಷ್ಟು ವ್ಯಾಟ್ ಖರ್ಚು ಎಂದು ನಾನು ಹೋಲಿಸಿದೆ.

1. ಸಾಧಾರಣ 40 ವ್ಯಾಟ್ ಟ್ಯೂಬು ಸುಮಾರು 2,450 ಲ್ಯೂಮೆನ್ ಕೊಡುತ್ತದೆ. ಆದರೆ ತಾಮ್ರದ ಚೋಕ್ ತಾನೇ ಬಿಸಿಯಾಗಿ ಸುಮಾರು 12 ವ್ಯಾಟ್ ತಿನ್ನುತ್ತದೆ. ಒಟ್ಟು 52 ವ್ಯಾಟ್. ಸಾವಿರ ಲ್ಯೂಮೆನ್‌ಗೆ 21 ವ್ಯಾಟ್.

2. ಒಳ್ಳೆಯ ಲೇಪದ, ಟ್ರೈಫಾಸ್ಫರ್ ಎಂದು ಬರೆದಿರುವ 36 ವ್ಯಾಟ್ ಟ್ಯೂಬನ್ನು ಎಲೆಕ್ಟ್ರಾನಿಕ್ ಚೋಕಿಗೆ ಹಾಕಿದರೆ ಒಟ್ಟು 36 ವ್ಯಾಟಿನ ಆಸುಪಾಸಿನಲ್ಲಿ ಸುಮಾರು 3,200 ಲ್ಯೂಮೆನ್. ಸಾವಿರಕ್ಕೆ 11 ವ್ಯಾಟ್.

3. 2,000 ಲ್ಯೂಮೆನ್‌ನ 20 ವ್ಯಾಟ್ ಎಲ್‌ಇಡಿ. ಸಾವಿರಕ್ಕೆ 10 ವ್ಯಾಟ್.

ನೋಡಿ, ಒಳ್ಳೆಯ ಟ್ಯೂಬಿಗೂ ಎಲ್‌ಇಡಿಗೂ ಅಂತರ ಬಹಳ ಇಲ್ಲ. ನಷ್ಟ ಮಾಡುತ್ತಿರುವುದು ಹಳೆಯ ಟ್ಯೂಬು ಮತ್ತು ಹಳೆಯ ಚೋಕಿನ ಜೋಡಿ.

ಬೆಳಕಿನ ಪ್ರಮಾಣದ ಜೊತೆಗೆ ಬಣ್ಣವನ್ನೂ ನೋಡಬೇಕು. ಸಾಧಾರಣ ಟ್ಯೂಬಿನ ಬೆಳಕಿನಲ್ಲಿ ಕೆಂಪು ಬಣ್ಣ ಮಂಕಾಗಿ ಕಂದಿನ ಹಾಗೆ ಕಾಣುತ್ತದೆ. ಗಾಡಿಯ ವೈರಿಂಗ್ ಮಾಡುವವರಿಗೆ ಇದು ದೊಡ್ಡ ತೊಂದರೆ. ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಂಕ ಇದೆ. ಅದು 80 ಅಥವಾ ಅದಕ್ಕಿಂತ ಹೆಚ್ಚಿರುವುದನ್ನು ಕೇಳಿ ಕೊಳ್ಳಿ.

ತಿರುಗುವ ಚಕ್ರ ನಿಂತಂತೆ ಕಂಡರೆ

ಗ್ಯಾರೇಜಿಗೆಂದೇ ಇರುವ ಒಂದು ಅಪಾಯವನ್ನು ನಾನು ಮೊದಲು ಕೇಳಿರಲಿಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ತಾಮ್ರದ ಚೋಕಿನ ಟ್ಯೂಬು ಪ್ರತಿ ಆವರ್ತನದಲ್ಲಿ ಎರಡು ಸಲ, ಅಂದರೆ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಈಗ ನಾಲ್ಕು ಕಡ್ಡಿಗಳ ಒಂದು ಚಕ್ರ ಸೆಕೆಂಡಿಗೆ 25 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. 25 ಗುಣಿಸು 4 ಎಂದರೆ 100. ಪ್ರತಿ ಸಲ ಬೆಳಕು ಏರಿದಾಗ ಒಂದು ಕಡ್ಡಿಯ ಜಾಗಕ್ಕೆ ಮುಂದಿನ ಕಡ್ಡಿ ಬಂದಿರುತ್ತದೆ. ಆದ್ದರಿಂದ ಚಕ್ರ ನಿಂತಂತೆ ಅಥವಾ ಮೆಲ್ಲಗೆ ತಿರುಗಿದಂತೆ ಕಾಣಬಹುದು. ಕಂಪ್ರೆಸರಿನ ಸದ್ದಿನಲ್ಲಿ ಪಕ್ಕದ ಯಂತ್ರದ ಸದ್ದು ಕೇಳದಿದ್ದಾಗ, ನಿಂತಿದೆಯೆಂದು ಕೈ ಹಾಕಿದರೆ ಏನಾಗುತ್ತದೆ ಎಂದು ನಾನು ಬರೆಯಬೇಕಿಲ್ಲ.

ಎಲೆಕ್ಟ್ರಾನಿಕ್ ಚೋಕ್ ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಆವರ್ತನದಲ್ಲಿ ಟ್ಯೂಬನ್ನು ಉರಿಸುವುದರಿಂದ ಈ ತೊಂದರೆ ಬಹುತೇಕ ಇಲ್ಲವಾಗುತ್ತದೆ. ಕಡಿಮೆ ವೋಲ್ಟೇಜಿನಲ್ಲೂ ಅದು ಹತ್ತಿಸುತ್ತದೆ. ಎಲ್‌ಇಡಿಯಲ್ಲೂ ಅಗ್ಗದವು ಹೀಗೆಯೇ ಮಿಣುಕುತ್ತವೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಹತ್ತಿಸಿ, ಮೊಬೈಲಿನ ಕ್ಯಾಮೆರಾದಲ್ಲಿ ಸ್ಲೋ ಮೋಷನ್ ಇಟ್ಟು ನೋಡಿ. ಪಟ್ಟಿ ಪಟ್ಟಿಯಾಗಿ ಓಡಿದರೆ ಆ ದೀಪ ಗ್ರೈಂಡರಿನ ಮೇಲೆ ಬೇಡ.

ಎಷ್ಟು ಬೇಕು?

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲ್ಯೂಮೆನ್ ಬೆಳಕು ಬಿದ್ದರೆ ಅದು ಒಂದು ಲಕ್ಸ್. ಸಾಮಾನ್ಯ ರಿಪೇರಿ ಕೆಲಸಕ್ಕೆ 300 ಲಕ್ಸ್ ಎಂದು ಹಿಡಿಯಬಹುದು. ಓಡಾಡುವ, ಸಾಮಾನು ಇಡುವ ಜಾಗಕ್ಕೆ 100 ಸಾಕು.

ನಮ್ಮ ಶೆಡ್ಡು 20 × 12 = 240 ಚದರಡಿ, ಅಂದರೆ ಸುಮಾರು 22.3 ಚದರ ಮೀಟರ್. ಇಡೀ ಶೆಡ್ಡಿಗೆ 300 ಲಕ್ಸ್ ಬೇಕೆಂದರೆ 22.3 × 300 = 6,690 ಲ್ಯೂಮೆನ್. ಆದರೆ ದೀಪದಿಂದ ಹೊರಟ ಬೆಳಕೆಲ್ಲ ಕೆಲಸದ ಮೇಲೆ ಬೀಳುವುದಿಲ್ಲ. ಗೋಡೆ, ಪತ್ರಾಸು ಸ್ವಲ್ಪ ನುಂಗುತ್ತವೆ. ಹೊಗೆ ಹಿಡಿದ ಕಪ್ಪು ಗೋಡೆಯಾದರೆ ನೂರಕ್ಕೆ 40 ಭಾಗ ಮಾತ್ರ ಕೆಳಗೆ ಬರುತ್ತದೆ, ಬಿಳಿ ಗೋಡೆಯಾದರೆ 50 ಭಾಗ ಎಂದು ಅಂದಾಜು ಇಟ್ಟುಕೊಂಡೆ.

ಕಪ್ಪು ಗೋಡೆಗೆ: 6,690 ÷ 0.4 = 16,725 ಲ್ಯೂಮೆನ್. ಒಂದು ಸಾಧಾರಣ ಟ್ಯೂಬಿಗೆ 2,450ರಂತೆ 7 ಟ್ಯೂಬು.

ಬಿಳಿ ಗೋಡೆಗೆ: 6,690 ÷ 0.5 = 13,380 ಲ್ಯೂಮೆನ್. 6 ಟ್ಯೂಬು.

ಅಂದರೆ ಒಂದು ಬಕೆಟ್ ಸುಣ್ಣ ಒಂದು ಟ್ಯೂಬಿಗೆ ಸಮ! ಅದಕ್ಕೆ ಕರೆಂಟ್ ಬಿಲ್ಲೂ ಇಲ್ಲ. ನಮ್ಮ ಎರೆಮಣ್ಣಿನ ಧೂಳು ಟ್ಯೂಬಿನ ಮೇಲೆ ಕೂತು ಬೆಳಕು ತಿನ್ನುವುದೂ ಹೀಗೆಯೇ. ತಿಂಗಳಿಗೊಮ್ಮೆ ಮೇನ್ ಸ್ವಿಚ್ ತೆಗೆದು, ಒಣ ಬಟ್ಟೆಯಿಂದ ಒರೆಸಿದರೆ ಬಿಟ್ಟಿ ಬೆಳಕು.

ಇಲ್ಲಿಯವರೆಗೆ ಪರಿಚಯದವರು ಹೇಳಿದ ಆರು ಟ್ಯೂಬು ಸರಿಯೆಂದೇ ಕಂಡಿತು. ಆದರೆ ಇಡೀ ಶೆಡ್ಡಿಗೆ 300 ಯಾಕೆ? ಹಳೆಯ ಟೈರು ಪೇರಿಸಿಟ್ಟ ಮೂಲೆಯಲ್ಲಿ ಯಾರೂ ಪ್ಲಗ್ ನೋಡುವುದಿಲ್ಲ. ಅಬ್ಬಾ ಎಲ್ಲಿ ಕೂತು ಕೆಲಸ ಮಾಡುತ್ತಾರೆ ಎಂದು ಒಂದು ವಾರ ಗಮನಿಸಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿದೆ. ಬೆಂಚು ಮತ್ತು ಗಾಡಿ ನಿಲ್ಲಿಸುವ ಜಾಗ ಸೇರಿ 8 × 6 ಅಡಿ. ಅದು 4.5 ಚದರ ಮೀಟರ್ ಅಷ್ಟೇ.

ಇಡೀ ಶೆಡ್ಡಿಗೆ 100 ಲಕ್ಸ್: 22.3 × 100 ÷ 0.5 = 4,460 ಲ್ಯೂಮೆನ್. ಇರುವ ಎರಡೇ ಟ್ಯೂಬು (4,900) ಸಾಕು.

ಕೆಲಸದ ಜಾಗಕ್ಕೆ ಇನ್ನೂ 200 ಲಕ್ಸ್: 4.5 × 200 ÷ 0.5 = 1,800 ಲ್ಯೂಮೆನ್. ಒಂದು 2,000 ಲ್ಯೂಮೆನ್ ದೀಪ ಸಾಕು.

ಲೆಕ್ಕ ಒಂದು ದೀಪ ಸಾಕೆಂದಿತು, ನೆರಳು ಎರಡು ಬೇಕೆಂದಿತು. ದೀಪ ಒಂದೇ ಇದ್ದು, ಅದು ಬೆನ್ನ ಹಿಂದಿದ್ದರೆ ಅಬ್ಬಾರ ತಲೆಯ ನೆರಳು ಎಂಜಿನ್ ಮೇಲೆಯೇ ಬೀಳುತ್ತದೆ. ನಮ್ಮ ಹಳೆಯ ಟ್ಯೂಬಿನ ತೊಂದರೆಯೂ ಮುಖ್ಯವಾಗಿ ಇದೇ ಆಗಿತ್ತು. ಗಾಡಿಯ ಎಡಕ್ಕೊಂದು ಬಲಕ್ಕೊಂದು ದೀಪ ಹಾಕಿದರೆ ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ. ಬೆಂಚಿನ ಮೇಲಾದರೆ ದೀಪ ಬೆಂಚಿನ ಉದ್ದಕ್ಕೇ, ಕೆಲಸ ಮಾಡುವವರ ಮುಂದೆ ಬರಬೇಕು. ಕೊನೆಗೆ ನಿಂತದ್ದು: ಹಳೆಯ ಎರಡು ಪಟ್ಟಿಗಳಿಗೆ ಎಲೆಕ್ಟ್ರಾನಿಕ್ ಚೋಕ್, ಕೆಲಸದ ಜಾಗಕ್ಕೆ ಎರಡು ಎಲ್‌ಇಡಿ. ಒಟ್ಟು ನಾಲ್ಕು.

ವೈರಿಂಗ್

ಇದು ನಾವು ಮಕ್ಕಳು ಮಾಡುವ ಕೆಲಸವಲ್ಲ. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಿಂದ ಲೈಸೆನ್ಸ್ ಪಡೆದವರೇ ಮಾಡಬೇಕು. ಆದರೆ ಮಾಡಿಸುವವರಿಗೆ ಏನು ಕೇಳಬೇಕೆಂದು ಗೊತ್ತಿರಬೇಕು. ನಮ್ಮಲ್ಲಿಗೆ ಬಂದ ಎಲೆಕ್ಟ್ರಿಷಿಯನ್ ಕಾಕಾ ಒಂದೊಂದನ್ನೂ ತೋರಿಸಿ ಹೇಳಿದರು.

ಹಳೆಯ ಟ್ಯೂಬಿನ ಪಟ್ಟಿ ಮುಟ್ಟಿದರೆ ಮಳೆಗಾಲದಲ್ಲಿ ಜುಮ್ ಎನ್ನುತ್ತಿತ್ತು. ಕಾಕಾ ಸ್ವಿಚ್ ಆರಿಸಿ, ಟ್ಯೂಬಿನ ಹೋಲ್ಡರಿಗೆ ಟೆಸ್ಟರ್ ಹಿಡಿದರು. ಟೆಸ್ಟರ್ ಹತ್ತಿತು! ಹಿಂದೆ ಯಾರೋ ಸ್ವಿಚ್ಚನ್ನು ಫೇಸ್ ತಂತಿಗೆ ಹಾಕುವ ಬದಲು ನ್ಯೂಟ್ರಲ್‌ಗೆ ಹಾಕಿದ್ದರು. ಹೀಗಾದರೆ ಸ್ವಿಚ್ ಆರಿಸಿದರೂ ದೀಪ ಆರುತ್ತದೆ, ಆದರೆ ಪಟ್ಟಿಯ ಒಳಗೆ 230 ವೋಲ್ಟ್ ಹಾಗೇ ಇರುತ್ತದೆ. ಸ್ವಿಚ್ ಆರಿಸಿದೆ ಎಂದು ನಂಬಿ ಟ್ಯೂಬ್ ಬದಲಿಸುವವರಿಗೆ ಅದು ಗುಂಡಿ ತೋಡಿಟ್ಟ ಹಾಗೆ. "ನೋಡವಾ, ದೀಪ ಹತ್ತೂದು ದೊಡ್ಡದಲ್ಲ. ಆರಿಸಿದಾಗ ಖರೇನ ಆರಬೇಕು, ಅದು ದೊಡ್ಡದು" ಎಂದರು ಕಾಕಾ.

ಅವರು ಹೇಳಿದ್ದನ್ನು ಕ್ರಮವಾಗಿ ಬರೆಯುತ್ತೇನೆ.

1. ದಾರಿ: ಮೀಟರಿನಿಂದ ಮೇನ್ ಸ್ವಿಚ್, ಅಲ್ಲಿಂದ ಆರ್‌ಸಿಸಿಬಿ, ಅಲ್ಲಿಂದ ಎಂಸಿಬಿ, ಅಲ್ಲಿಂದ ಗೋಡೆಯ ಸ್ವಿಚ್. ಸ್ವಿಚ್ ಯಾವಾಗಲೂ ಫೇಸ್ ತಂತಿಯಲ್ಲಿ. ಚೋಕಿನ ಹಳೆಯ ಪದ್ಧತಿಯಾದರೆ ಸ್ವಿಚ್ಚಿನಿಂದ ಫೇಸ್ ಚೋಕಿಗೆ, ಚೋಕಿನಿಂದ ಟ್ಯೂಬಿನ ಒಂದು ತುದಿಯ ಒಂದು ಪಿನ್ನಿಗೆ. ಆ ತುದಿಯ ಇನ್ನೊಂದು ಪಿನ್ನಿನಿಂದ ಸ್ಟಾರ್ಟರ್ ಮೂಲಕ ಆಚೆ ತುದಿಯ ಒಂದು ಪಿನ್ನಿಗೆ. ಆಚೆ ತುದಿಯ ಉಳಿದ ಪಿನ್ನು ನ್ಯೂಟ್ರಲ್‌ಗೆ. ಎಲೆಕ್ಟ್ರಾನಿಕ್ ಚೋಕಿಗೆ ಸ್ಟಾರ್ಟರ್ ಬೇಡ, ಅದರ ಮೈಮೇಲೆ ಅಚ್ಚಾದ ಚಿತ್ರದಂತೆ ಜೋಡಿಸಬೇಕು.

2. ತಂತಿ: ಬೆಳಕಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಐಎಸ್‌ಐ ಗುರುತಿನದು. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್. ಹಸಿರು ತಂತಿಯನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ.

3. ಪೈಪು: ಪತ್ರಾಸಿನ ಅಂಚು ಚಾಕುವಿನ ಹಾಗೆ. ಗಾಳಿಗೆ ಪತ್ರಾಸು ಅದುರಿದಾಗ ತಂತಿಯ ಮೇಲಿನ ಪದರ ಕೊಯ್ಯುತ್ತದೆ. ಒಮ್ಮೆ ತಾಮ್ರ ತಗಡಿಗೆ ತಗಲಿದರೆ ಇಡೀ ಛಾವಣಿಗೆ ಕರೆಂಟು. ಆದ್ದರಿಂದ ತಂತಿಯೆಲ್ಲ ಪಿವಿಸಿ ಪೈಪಿನ ಒಳಗೆ. ಇಲಿಗಳಿಂದಲೂ ರಕ್ಷಣೆ.

4. ಬೇರೆ ಬೇರೆ ಸಾಲು: ನಾಲ್ಕು ದೀಪಕ್ಕೆ 2 ಆಂಪಿಯರ್ ಕೂಡ ಬೇಕಾಗುವುದಿಲ್ಲ, 6 ಆಂಪಿಯರ್ ಎಂಸಿಬಿ ಸಾಕು. ಕಂಪ್ರೆಸರ್, ಗ್ರೈಂಡರಿಗೆ ದಪ್ಪ ತಂತಿಯ ಬೇರೆ ಸಾಲು, ಬೇರೆ ಎಂಸಿಬಿ. ಯಂತ್ರದ ಎಂಸಿಬಿ ಬಿದ್ದಾಗ ದೀಪವೂ ಆರಿದರೆ, ತಿರುಗುತ್ತಿರುವ ಗ್ರೈಂಡರಿನ ಮುಂದೆ ಕತ್ತಲಲ್ಲಿ ನಿಂತಂತಾಗುತ್ತದೆ.

5. ಅರ್ಥಿಂಗ್: ದೀಪದ ಕಬ್ಬಿಣದ ಪಟ್ಟಿ, ಕಂಪ್ರೆಸರಿನ ಮೈ ಎಲ್ಲಕ್ಕೂ ಹಸಿರು ತಂತಿ. ಅದು ಹೊರಗೆ ನೆಲದಲ್ಲಿ ಇದ್ದಿಲು, ಉಪ್ಪು ತುಂಬಿದ ಗುಂಡಿಯ ಪೈಪಿಗೆ ಹೋಗಬೇಕು. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಆಗ ಗುಂಡಿಗೆ ನೀರು ಹಾಕುತ್ತಿರಬೇಕು.

6. ಎತ್ತರ: ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಡಿ ನಿಲ್ಲುತ್ತದೆ. ಸ್ವಿಚ್ಚಿನಲ್ಲಿ ಸಣ್ಣ ಕಿಡಿ ಸಹಜ. ಅದಕ್ಕೆ ಸ್ವಿಚ್, ಸಾಕೆಟ್ ನೆಲದ ಹತ್ತಿರ ಬೇಡ, ಎದೆಯ ಎತ್ತರಕ್ಕಿರಲಿ. ಬ್ಯಾಟರಿ ಚಾರ್ಜ್ ಮಾಡುವಾಗ ಹೊರಡುವ ಹೈಡ್ರೋಜನ್ ಹಗುರ, ಅದು ಮೇಲೇರುತ್ತದೆ. ಚಾರ್ಜ್ ಮಾಡುವ ಮೂಲೆಗೆ ಗಾಳಿ ಆಡಬೇಕು, ಅದರ ನೇರ ಮೇಲೆ ಸ್ಟಾರ್ಟರ್ ಇರುವ ಟ್ಯೂಬು ಬೇಡ.

ಎಂಸಿಬಿ ಇದ್ದ ಮೇಲೆ ಆರ್‌ಸಿಸಿಬಿ ಯಾಕೆ ಎಂದು ನಾನು ಕೇಳಿದೆ. ಅದರ ಬೆಲೆಯೇ ಚೀಟಿಯಲ್ಲಿ ದೊಡ್ಡದಾಗಿತ್ತು. ಉತ್ತರ ಅಂಕಿಯಲ್ಲೇ ಇದೆ. 6 ಆಂಪಿಯರ್ ಎಂದರೆ 6,000 ಮಿಲಿ ಆಂಪಿಯರ್. ಮನುಷ್ಯನ ಎದೆಯ ಮೂಲಕ 100 ಮಿಲಿ ಆಂಪಿಯರ್ ಹರಿದರೂ ಪ್ರಾಣ ಹೋಗಬಹುದು. 6 ಆಂಪಿಯರ್ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಎಂಸಿಬಿ ಕಾಯುವುದು ತಂತಿಯನ್ನು. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಆರ್‌ಸಿಸಿಬಿ ಸೆಕೆಂಡಿನ ಒಂದು ಭಾಗದಲ್ಲಿ ಕಡಿಯುತ್ತದೆ. ಅದು ಕಾಯುವುದು ಮನುಷ್ಯನನ್ನು. ನಮ್ಮ ಭಾಷೆಯಲ್ಲಿ ಹೇಳಿದರೆ ಅದು ಜಮಾ ಖರ್ಚು ತಾಳೆ ನೋಡುವ ಆಡಿಟರ್. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ, ಬೀಳುತ್ತದೆಯೇ ಎಂದು ನೋಡಬೇಕು.

ಹಣದ ಲೆಕ್ಕ

ನಮಗೆ ಆದ ಖರ್ಚು ಹೀಗಿದೆ. ಎರಡು ಎಲ್‌ಇಡಿ 600 ರೂ., ಎರಡು ಎಲೆಕ್ಟ್ರಾನಿಕ್ ಚೋಕ್ 300, ತಂತಿ ಮತ್ತು ಪೈಪು 1,450, ಆರ್‌ಸಿಸಿಬಿ, ಎಂಸಿಬಿ, ಪೆಟ್ಟಿಗೆ 2,300, ಅರ್ಥಿಂಗ್ 900 (ಗುಂಡಿ ತೋಡಿದ್ದು ಚಾಚಾ), ಕೂಲಿ 1,000, ಸುಣ್ಣ 150. ಒಟ್ಟು 6,700 ರೂ. ಇದರಲ್ಲಿ ದೀಪಕ್ಕೆಂದು ಹೋದದ್ದು 900, ಅಂದರೆ ನೂರಕ್ಕೆ 13. ರಕ್ಷಣೆಗೆ ಹೋದದ್ದು 3,200, ಅಂದರೆ ಹೆಚ್ಚು ಕಡಿಮೆ ಅರ್ಧ.

ಇದು ಹಲವು ವರ್ಷ ಉಪಯೋಗ ಕೊಡುವುದರಿಂದ ಬಂಡವಾಳ ವೆಚ್ಚ. ಹತ್ತು ವರ್ಷ ಬಾಳಿಕೆ ಎಂದು ನೇರ ಕಂತಿನ ಪದ್ಧತಿಯಲ್ಲಿ ಸವಕಳಿ ಹಾಕಿದರೆ ವರ್ಷಕ್ಕೆ 670 ರೂ. ಆಮೇಲೆ ಬದಲಿಸುವ ಟ್ಯೂಬು, ಪ್ರತಿ ತಿಂಗಳ ಬಿಲ್ಲು ರಾಜಸ್ವ ವೆಚ್ಚ. ಹಳೆಯ ಪಟ್ಟಿಗಳಿಗೆ ಹಿಂದೆ ಕೊಟ್ಟ ಹಣ ಮುಗಿದ ಕತೆ, ಈಗಿನ ನಿರ್ಧಾರದಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನು ಬಿಲ್ಲು. ದಿನಕ್ಕೆ 4 ಗಂಟೆ, ವರ್ಷಕ್ಕೆ 300 ದಿನ, ಒಟ್ಟು 1,200 ಗಂಟೆ. ಲೆಕ್ಕಕ್ಕೆ ಯುನಿಟ್ಟಿಗೆ 7 ರೂ. ಇಟ್ಟುಕೊಳ್ಳೋಣ.

ಆರು ಹಳೆಯ ಬಗೆಯ ಟ್ಯೂಬು: 6 × 52 = 312 ವ್ಯಾಟ್. ವರ್ಷಕ್ಕೆ 374.4 ಯುನಿಟ್, ಸುಮಾರು 2,621 ರೂ.

ನಮ್ಮ ನಾಲ್ಕು: (2 × 36) + (2 × 20) = 112 ವ್ಯಾಟ್. ವರ್ಷಕ್ಕೆ 134.4 ಯುನಿಟ್, ಸುಮಾರು 941 ರೂ.

ಉಳಿತಾಯ ವರ್ಷಕ್ಕೆ 1,680 ರೂ. ಎರಡು ಸಾವಿರದ ಉಪಾಯಕ್ಕಿಂತ ನಾವು 4,700 ರೂ. ಹೆಚ್ಚು ಹಾಕಿದ್ದೇವೆ. ಅದು ಮರಳಲು ಸುಮಾರು 2.8 ವರ್ಷ ಬೇಕು. ಬರೀ ಕರೆಂಟಿನ ಲೆಕ್ಕದಲ್ಲಿ ಇದು ಭಾರಿ ಲಾಭವೇನಲ್ಲ ಎಂದು ನಾನು ಅಬ್ಬಾಗೆ ಹೇಳಿದೆ. ಅವರು ಚಾಚಾರ ಕೈ ಕಡೆ ನೋಡಿ, "ಬೇಟಿ, ಇದಕ್ಕೆ ನಿನ್ನ ಪುಸ್ತಕದಲ್ಲಿ ಯಾವ ಕಾಲಂ ಇದೆ?" ಎಂದು ಕೇಳಿದರು. ಕಾಲಂ ಇಲ್ಲ. ಆದರೆ ಸಂಜೆಯ ಜಮಾ ಹಳೆಯ ಮಟ್ಟಕ್ಕೆ ಬಂದಿರುವುದು ಪುಸ್ತಕದಲ್ಲಿ ಇದೆ.

ಒಡೆದ ಟ್ಯೂಬು

ಪಾದರಸ ವಿಷ. ಟ್ಯೂಬ್ ಒಡೆದರೆ ಕಿಟಕಿ ಬಾಗಿಲು ತೆಗೆದು, ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ, ಹದಿನೈದು ನಿಮಿಷ ಬಿಟ್ಟು ಬನ್ನಿ. ಕಸಬರಿಗೆ ಬೇಡ, ಅದು ಪುಡಿಯನ್ನು ಹಬ್ಬಿಸುತ್ತದೆ. ಗಟ್ಟಿ ಕಾಗದದಿಂದ ಕೂಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಮುಚ್ಚಳದ ಡಬ್ಬಿಗೆ ಹಾಕಿ. ಸುಟ್ಟುಹೋದ ಟ್ಯೂಬನ್ನು ಆಟಕ್ಕೆಂದು ಒಡೆಯಬಾರದು, ತಿಪ್ಪೆಗೂ ಎಸೆಯಬಾರದು. ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪಾದರಸದ ದೀಪಗಳೂ ಸೇರಿವೆ.

ಪಾದರಸದ ಬಗ್ಗೆ ಮಿನಮಾಟಾ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಜಪಾನಿನ ಮಿನಮಾಟಾದಲ್ಲಿ ಪಾದರಸ ಸೇರಿದ ಮೀನು ತಿಂದು ಜನ ನರಳಿದರು, ಆ ಊರಿನ ಹೆಸರೇ ಒಪ್ಪಂದಕ್ಕೆ. ಭಾರತವೂ ಅದರಲ್ಲಿದೆ. ಸಾಮಾನ್ಯ ಬೆಳಕಿನ ಉದ್ದ ಟ್ಯೂಬುಗಳ ತಯಾರಿಕೆ, ಆಮದು, ರಫ್ತನ್ನು 2027ರ ಹೊತ್ತಿಗೆ ನಿಲ್ಲಿಸಬೇಕೆಂದು 2023ರಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಒಪ್ಪಿವೆ. ಆದ್ದರಿಂದ ಈಗ ಹೊಸದಾಗಿ ಪಟ್ಟಿ ಕೊಳ್ಳುವವರು ಎಲ್‌ಇಡಿ ಕೊಳ್ಳುವುದೇ ಸರಿ. ಇರುವುದನ್ನು ಬಾಳುವಷ್ಟು ದಿನ ಬಳಸಿ. ಹಳೆಯ ಪಟ್ಟಿಗೇ ಎಲ್‌ಇಡಿ ಟ್ಯೂಬ್ ಸಿಕ್ಕಿಸುವಾಗ ಎಚ್ಚರ ಬೇಕು. ಕೆಲವಕ್ಕೆ ಚೋಕನ್ನು ಪೂರ್ತಿ ಕಳಚಬೇಕು, ಕೆಲವಕ್ಕೆ ಒಂದೇ ತುದಿಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡೂ ಬರಬೇಕು. ಅದರ ಜೊತೆ ಬರುವ ಚೀಟಿ ಓದದೆ ಸಿಕ್ಕಿಸಬೇಡಿ.

ಅಭ್ಯಾಸಕ್ಕೆ

1. ನಿಮ್ಮ ಮನೆಯಲ್ಲಿ ಓದುವ ಜಾಗದ ಉದ್ದ ಅಗಲ ಅಳೆಯಿರಿ. 300 ಲಕ್ಸ್‌ಗೆ ಎಷ್ಟು ಲ್ಯೂಮೆನ್ ಬೇಕು? ಈಗಿರುವ ದೀಪ ಎಷ್ಟು ಕೊಡುತ್ತದೆ?

2. ಬರೆಯುವಾಗ ನಿಮ್ಮ ಕೈಯ ನೆರಳು ಪುಸ್ತಕದ ಮೇಲೆ ಬೀಳುತ್ತದೆಯೇ? ಬಿದ್ದರೆ ದೀಪ ಬದಲಿಸುವ ಮೊದಲು ಕುಳಿತುಕೊಳ್ಳುವ ದಿಕ್ಕು ಬದಲಿಸಿ ನೋಡಿ. ಖರ್ಚು ಸೊನ್ನೆ.

3. ಮನೆಯ ಮೀಟರ್ ಹತ್ತಿರ ದೊಡ್ಡವರನ್ನು ಕರೆದುಕೊಂಡು ಹೋಗಿ, ಆರ್‌ಸಿಸಿಬಿ ಇದೆಯೇ ಎಂದು ನೋಡಿ. ಅದರ ಮೇಲೆ "30 ಎಂಎ" ಎಂದು ಬರೆದಿರುತ್ತದೆ, ಪಕ್ಕದಲ್ಲಿ ಟೆಸ್ಟ್ ಗುಂಡಿ ಇರುತ್ತದೆ. ಇಲ್ಲದಿದ್ದರೆ ಮುಂದಿನ ಹಬ್ಬಕ್ಕೆ ಬಣ್ಣದ ದೀಪದ ಸರ ಕೊಳ್ಳುವ ಮೊದಲು ಅದನ್ನು ಕೊಳ್ಳಿಸಿ.